ಹೆತಾಯಿರಾಗಳು ಮನೆಯ ಹೆಂಡತಿಯರಿಗಿಂತ ಸ್ವತಂತ್ರರಾಗಿದ್ದರಾ?

ಓದುಗರ ಪ್ರಶ್ನೆ: "ಪ್ರಾಚೀನ ಅಥೆನ್ಸ್‌ನಲ್ಲಿ ಮನೆಯ ಹೆಂಗಸರು ಹೊರಗೆ ಬರುವುದೇ ಕಷ್ಟ ಇತ್ತಂತೆ. ಆದರೆ ಹೆತಾಯಿರಾ ಎಂಬ ಗಣಿಕೆಯರು ಗಂಡಸರ ಜೊತೆ ಕೂತು ಮಾತಾಡುತ್ತಿದ್ದರು, ದುಡ್ಡು ಮಾಡುತ್ತಿದ್ದರು. ಅಂದಮೇಲೆ ಅವರೇ ಜಾಸ್ತಿ ಸ್ವತಂತ್ರರು ಅಲ್ವಾ?"

ಅರ್ಧ ನಿಜ. ಕೈಯಲ್ಲಿ ದುಡ್ಡು ಆಡುತ್ತಿತ್ತು, ಆದರೆ ಬೆನ್ನ ಹಿಂದೆ ಕಾನೂನು ಇರಲಿಲ್ಲ.

ದುಡ್ಡಿನ ಮಾತಿಗೆ ಥಿಯೊಡೊಟೆ ಎಂಬ ಹೆತಾಯಿರಾಳನ್ನು ನೋಡಿ. ಸಾಕ್ರಟೀಸ್ ಅವಳ ಮನೆಗೆ ಹೋದದ್ದನ್ನು ಅವನ ಶಿಷ್ಯ ಕ್ಸೆನೊಫೋನ್ ಬರೆದಿದ್ದಾನೆ. ಅವಳ ಮೈಮೇಲೆ ಬೆಲೆಬಾಳುವ ಬಟ್ಟೆ-ಒಡವೆ, ಪಕ್ಕದಲ್ಲಿ ಅಷ್ಟೇ ಚೆನ್ನಾಗಿ ಉಟ್ಟ ತಾಯಿ, ಸುತ್ತ ಲಕ್ಷಣವಾದ ಕೆಲಸದ ಹುಡುಗಿಯರು. ಜಮೀನಿದೆಯಾ, ಬಾಡಿಗೆ ಬರುವ ಮನೆಯಿದೆಯಾ, ದುಡಿದು ಕೊಡುವ ಆಳುಗಳಿದ್ದಾರಾ ಅಂತ ಸಾಕ್ರಟೀಸ್ ಒಂದೊಂದೇ ಕೇಳುತ್ತಾನೆ. ಯಾವುದೂ ಇಲ್ಲ. ಸ್ನೇಹಿತರು ಮನಸ್ಸು ಮಾಡಿ ಕೊಟ್ಟದ್ದೇ ಅವಳ ಜೀವನ. ಕೊಡುವವರು ನಿಲ್ಲಿಸಿದರೆ ಮುಗೀತು.

ಇವರ ಕೆಳಗಿನ ಮೆಟ್ಟಿಲಲ್ಲಿ ಔತಣಕೂಟಗಳಿಗೆ ಬರುವ ಕೊಳಲಿನ ಹುಡುಗಿಯರಿದ್ದರು. ಇವರ ಬಾಡಿಗೆ 2 ದ್ರಾಕ್ಮಾ (ಅಲ್ಲಿನ ಬೆಳ್ಳಿ ನಾಣ್ಯ) ಮೀರಬಾರದು ಅಂತ ನಗರದ ಅಧಿಕಾರಿಗಳು ನೋಡಿಕೊಳ್ಳುತ್ತಿದ್ದರು. ಒಬ್ಬಳಿಗಾಗಿ ಇಬ್ಬರು ಜಗಳಕ್ಕೆ ಬಿದ್ದರೆ ಚೀಟಿ ಎತ್ತುತ್ತಿದ್ದರು. ಹುಡುಗಿಯನ್ನು ಯಾರೂ ಕೇಳುತ್ತಿರಲಿಲ್ಲ ಅನ್ನಿ.

ನನ್ನ ಪ್ರಕಾರ ಈ ಪ್ರಶ್ನೆಗೆ ಸರಿಯಾದ ಉತ್ತರ ನಿಯೈರಾಳ ಕಥೆ. ಕೊರಿಂಥ್‌ನಲ್ಲಿ ನಿಕರೆಟೆ ಅಂತ ಒಬ್ಬಳು 7 ಪುಟ್ಟ ಹುಡುಗಿಯರನ್ನು ಕೊಂಡು ಸಾಕಿ, ರೇಟು ಏರಲಿ ಅಂತ ಅವರನ್ನು ತನ್ನ ಸ್ವಂತ ಮಕ್ಕಳೆಂದೇ ಹೇಳಿಕೊಳ್ಳುತ್ತಿದ್ದಳು. ಅವರಲ್ಲಿ ನಿಯೈರಾ ಒಬ್ಬಳು. ಮುಂದೆ ಇಬ್ಬರು ಗಂಡಸರು ಸೇರಿ 30 ಮಿನಾ, ಅಂದರೆ 3,000 ದ್ರಾಕ್ಮಾ ಕೊಟ್ಟು ಅವಳನ್ನು ಕೊಂಡರು. ಕುಶಲ ಕೆಲಸಗಾರನಿಗೆ ದಿನಕ್ಕೆ ಒಂದೆರಡು ದ್ರಾಕ್ಮಾ ಸಿಗುತ್ತಿದ್ದ ಕಾಲ ಅದು. ಆಮೇಲೆ ಆ ಇಬ್ಬರಿಗೂ ಬೇರೆ ಮದುವೆ ಗೊತ್ತಾಯಿತು. ತಲಾ 5 ಮಿನಾ ಬಿಟ್ಟುಕೊಡುತ್ತೇವೆ, ಉಳಿದ 20 ತಂದರೆ ನೀನು ಸ್ವತಂತ್ರಳು, ಆದರೆ ಕೊರಿಂಥ್‌ನಲ್ಲಿ ಮಾತ್ರ ಈ ಕಸುಬು ಮಾಡಬಾರದು ಅಂದರು. ಅವಳು ಹಳೇ ಗಿರಾಕಿಗಳ ಹತ್ತಿರ ಎತ್ತಿ, ತಾನು ಕೂಡಿಟ್ಟದ್ದನ್ನೂ ಸೇರಿಸಿದಳು. ಕಡಿಮೆ ಬಿದ್ದದ್ದನ್ನು ಫ್ರಿನಿಯೋನ್ ಎಂಬ ಅಥೆನ್ಸ್‌ನವನು ಹಾಕಿದ.

ಬಿಡುಗಡೆಯೇನೋ ಆಯಿತು, ಆದರೆ ಫ್ರಿನಿಯೋನ್ ಕೆಟ್ಟದಾಗಿ ನಡೆಸಿಕೊಂಡದ್ದಕ್ಕೆ ಅವಳು ಮೆಗಾರಾ ನಗರಕ್ಕೆ ಓಡಿಹೋಗಿ, ಅಲ್ಲಿ ಸಿಕ್ಕ ಸ್ಟೆಫಾನೋಸ್ ಎಂಬ ಅಥೆನ್ಸ್‌ನವನ ಜೊತೆ ಮತ್ತೆ ಅಥೆನ್ಸ್‌ಗೆ ಬಂದಳು. ಅವಳಿಗಾಗಿ ಫ್ರಿನಿಯೋನ್-ಸ್ಟೆಫಾನೋಸ್ ಜಗಳ ಪಂಚಾಯ್ತಿಗೆ ಬಂತು. ತೀರ್ಮಾನ ಕೇಳಿ: ಇವಳು ಸ್ವತಂತ್ರಳು, ತನಗೆ ತಾನೇ ಒಡತಿ, ಮತ್ತು ಒಂದು ದಿನ ಇವನ ಜೊತೆ, ಒಂದು ದಿನ ಅವನ ಜೊತೆ ಇರತಕ್ಕದ್ದು!

ಸುಮಾರು ಕ್ರಿ.ಪೂ. 340ರ ಹೊತ್ತಿಗೆ, ಅವಳಿಗೆ ವಯಸ್ಸಾದ ಮೇಲೆ, ವಿದೇಶಿ ಹೆಂಗಸು ನಾಗರಿಕನ ಹೆಂಡತಿಯಂತೆ ಬಾಳುತ್ತಿದ್ದಾಳೆ ಅಂತ ಥಿಯೊಮ್ನೆಸ್ಟೋಸ್ ಎಂಬವನು ಕೇಸು ಹಾಕಿದ; ಅವನ ಪರ ವಾದಿಸಿದ್ದು ಅವನ ಸಂಬಂಧಿ ಅಪೊಲೊಡೋರಸ್. ಇಷ್ಟೆಲ್ಲ ವಿವರ ನಮಗೆ ಸಿಗುವುದು ಅಪೊಲೊಡೋರಸ್‌ನ ಭಾಷಣದಿಂದಲೇ, ಹಾಗಾಗಿ ಸ್ವಲ್ಪ ಉಪ್ಪು-ಖಾರ ಇದ್ದೇ ಇರುತ್ತದೆ. ಅವನ ನಿಜವಾದ ಗುರಿ ಸ್ಟೆಫಾನೋಸ್, ಹಳೇ ದ್ವೇಷ. ಆದರೆ ಸೋತರೆ ಸ್ಟೆಫಾನೋಸ್‌ಗೆ 1,000 ದ್ರಾಕ್ಮಾ ದಂಡ, ನಿಯೈರಾಳನ್ನು ಮತ್ತೆ ಗುಲಾಮಳಾಗಿ ಮಾರುವುದು.