ಆಸೆ ಕೇಳೋದಕ್ಕೆ ಕೊನೆವರೆಗೆ ಕಾಯಬೇಡಿ

"ಮಗುವಿಗೆ ಏನಾದ್ರೂ ದೊಡ್ಡ ಆಸೆ ಇದೆಯಾ, ಕೇಳಿ ನೋಡಿ" ಎಂದ ಕೂಡಲೇ ತಾಯಿಯ ಮುಖ ಇಳಿದುಹೋಗುತ್ತದೆ. "ಅಂದ್ರೆ ಇನ್ನು ಕಷ್ಟ ಅಂತಲಾ, ಡಾಕ್ಟ್ರೇ?" ಶಿರಸಿಯಲ್ಲಿ ಮಕ್ಕಳ ವೈದ್ಯೆಯಾಗಿ ನಾನು ಮತ್ತೆ ಮತ್ತೆ ಕೇಳಿಸಿಕೊಳ್ಳುವ ಪ್ರಶ್ನೆ ಇದು. ಆ ಭಯ ಅರ್ಥವಾಗುತ್ತದೆ. ಆದರೆ ಅದರಿಂದಾಗಿಯೇ ಕ್ಯಾನ್ಸರಿನಂಥ ಕಾಯಿಲೆ ಇರುವ ಎಷ್ಟೋ ಮಕ್ಕಳ ಆಸೆಯನ್ನು ನಾವು ತೀರಾ ತಡವಾಗಿ ಕೇಳುತ್ತೇವೆ.

ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. 1980ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಕ್ರಿಸ್ ಗ್ರೀಷಿಯಸ್ ಎಂಬ 7 ವರ್ಷದ ಹುಡುಗನಿಗೆ ಬ್ಲಡ್ ಕ್ಯಾನ್ಸರ್ ಇತ್ತು. ಪೊಲೀಸ್ ಆಗಬೇಕು ಅನ್ನುವುದು ಅವನ ಆಸೆ. ಅಲ್ಲಿನ ಪೊಲೀಸರು ಅವನನ್ನು ಹೆಲಿಕಾಪ್ಟರಿನಲ್ಲಿ ಸುತ್ತಾಡಿಸಿದರು, ಅವನ ಅಳತೆಗೇ ಯೂನಿಫಾರ್ಮ್ ಹೊಲಿಸಿ ಕೊಟ್ಟರು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಕಾಯಿಲೆಯ ಮಕ್ಕಳ ಆಸೆ ಪೂರೈಸುವ ಮೇಕ್-ಎ-ವಿಶ್ ಸಂಸ್ಥೆ ಹುಟ್ಟಿದ್ದು ಆ ಹುಡುಗನ ನೆನಪಿನಲ್ಲಿ. ಹಾಗಾಗಿ ಆಸೆ ಪೂರೈಸುವುದು ಅಂದರೆ ಬೀಳ್ಕೊಡುವುದು ಎಂದು ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆದರೆ ಅಂದಿನ ಚಿಕಿತ್ಸೆಗೂ ಇಂದಿನದಕ್ಕೂ ಬಹಳ ಅಂತರವಿದೆ. ಮಕ್ಕಳಲ್ಲಿ ಜಾಸ್ತಿ ಕಾಣುವ ಎಎಲ್ಎಲ್ ಎಂಬ ಬ್ಲಡ್ ಕ್ಯಾನ್ಸರಿನಲ್ಲಿ, ನಡುವೆ ನಿಲ್ಲಿಸದೆ ಒಳ್ಳೆಯ ಚಿಕಿತ್ಸೆ ಕೊಡಿಸಿದರೆ, ಹೆಚ್ಚಿನವರು ಗುಣವಾಗುತ್ತಾರೆ.

ನಡುವೆ ನಿಲ್ಲಿಸದಿರುವುದೇ ಕಷ್ಟ. ಚಿಕಿತ್ಸೆ ಎರಡು, ಎರಡೂವರೆ ವರ್ಷ ನಡೆಯುತ್ತದೆ. ಶಿರಸಿ ಕಡೆಯವರು ಹುಬ್ಬಳ್ಳಿಗೋ ಮಣಿಪಾಲಕ್ಕೋ ಬೆಂಗಳೂರಿಗೋ ಓಡಬೇಕು. ಕಾರವಾರದವರಿಗೆ ಗೋವಾ ಹತ್ತಿರ. ದೇವಿಮನೆ ಘಟ್ಟ ಇಳಿಯುವಾಗ ವಾಂತಿ, ಕೀಮೋ ಆದಮೇಲೆ ವಾಂತಿ, ವಾಪಸು ಬರುವಾಗ ಮತ್ತೆ ವಾಂತಿ. ಶಾಲೆ ತಪ್ಪುತ್ತದೆ, ಕೂದಲು ಉದುರುತ್ತದೆ. ಯಾವ ದಿನ ಸೂಜಿ, ಯಾವತ್ತು ಮನೆ, ಏನು ತಿನ್ನಬೇಕು, ಎಲ್ಲವನ್ನೂ ದೊಡ್ಡವರೇ ನಿರ್ಧರಿಸುತ್ತಾರೆ. ಮಗು "ನಾನಿನ್ನು ಬರೋದಿಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗುವುದು ಇಂಥ ಹೊತ್ತಿನಲ್ಲೇ.

ನಾನು ನೋಡಿದ ಒಬ್ಬ ಮಾಣಿಯ, ಅಂದರೆ ಹುಡುಗನ, ಕಥೆ ಹೇಳುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆಸೆ ಏನೆಂದು ಕೇಳಿದಾಗ ಒಂದು ಕ್ಷಣವೂ ಯೋಚಿಸದೆ "ನಂಗೆ ಬಬ್ರುವಾಹನ ಆಗವು" ಅಂದ. ಯಕ್ಷಗಾನದ ಬಬ್ರುವಾಹನ ಆಗಬೇಕು ಅಂತ. ಮನೆಯವರು ಕೃಷ್ಣನ ವೇಷ ಹಾಕಿಸೋಣ, ಹಗುರ ಇರುತ್ತೆ ಅಂದರು. ಅವನು ಒಪ್ಪಲಿಲ್ಲ. ತಲೆಗೆ ಕಟ್ಟುವ ಕೇದಗೆ ಮುಂದಲೆಯೇ ಬೇಕು, ಸುತ್ತುತ್ತ ಜಿಗಿಯುವ ದಿಗಿಣ ಹಾಕಲೇಬೇಕು. ನನಗೋ ಲೆಕ್ಕಾಚಾರ ಶುರುವಾಯಿತು. ಕಾಲರ್ ಮೂಳೆ ಕೆಳಗೆ ಚರ್ಮದೊಳಗೆ, ರಕ್ತನಾಳಕ್ಕೆ ಔಷಧಿ ಕೊಡಲು ಇಟ್ಟ ಪೋರ್ಟ್ ಎಂಬ ಪುಟ್ಟ ಸಾಧನ ಇದೆ, ಎದೆಪದಕ ಬಿಗಿಯುವುದು ಸರಿಯಾಗಿ ಅದರ ಮೇಲೆಯೇ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 50,000ಕ್ಕಿಂತ ಕೆಳಗಿರುವಾಗ ಕುಣಿದು ಬಿದ್ದರೆ ಒಳಗೆ ರಕ್ತಸ್ರಾವ ಆಗಬಹುದು. ಅವನನ್ನೇ ಕೂರಿಸಿಕೊಂಡು ವಿಷಯ ಬಿಡಿಸಿ ಹೇಳಿದೆ. ಮಣಿಪಾಲದಲ್ಲಿ ಅವನನ್ನು ನೋಡುತ್ತಿದ್ದ ಕ್ಯಾನ್ಸರ್ ವೈದ್ಯರ ಜೊತೆ ಮಾತಾಡಿ, ಕೀಮೋದ ಎರಡು ಸುತ್ತಿನ ನಡುವೆ ಒಂದು ವಾರ ಗುರುತು ಮಾಡಿದೆವು. ಕೌಂಟ್ ಏರಿದರೆ ದಿಗಿಣ ಹಾಕಬಹುದು. ಮೊಣಕಾಲೂರಿ ಸುತ್ತುವ ಮಂಡಿ ಮಾತ್ರ ಬೇಡ. ವೇಷ ಕಟ್ಟುವವರು ಎದೆಪದಕದ ಅಡಿಗೆ ಮೆತ್ತನೆ ಬಟ್ಟೆ ಇಟ್ಟುಕೊಡುತ್ತೇವೆ ಅಂದರು.

ಅಲ್ಲಿಂದ ಮುಂದೆ ಆದದ್ದೇ ನನಗೆ ಮುಖ್ಯ. ರಕ್ತ ತೆಗೆಯುವವರನ್ನು ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ ಹುಡುಗ "ಇವತ್ತು ಎಷ್ಟು ಬಂತು?" ಎಂದು ಕೇಳತೊಡಗಿದ. ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಸಾಲು ಎಲ್ಲಿದೆ ಎಂದು ಅವನಿಗೆ ಅಪ್ಪನಿಗಿಂತ ಚೆನ್ನಾಗಿ ಗೊತ್ತಿತ್ತು. ಹಾಸಿಗೆಯಲ್ಲೇ ಹೆಜ್ಜೆ ಎಣಿಸುತ್ತಿದ್ದ. ವೇಷ ಕಟ್ಟಿದ್ದು ಒಂದು ಸಂಜೆ. ಅದಕ್ಕೆ ಮುಂಚಿನ ವಾರಗಳೆಲ್ಲ ಅವನಿಗೆ ಚಿಕಿತ್ಸೆಯ ಭಾಗವೇ ಆಗಿದ್ದವು. ಮುಂದಲೆ ಕಟ್ಟುವಾಗ ತಲೆಯಲ್ಲಿ ಕೂದಲಿಲ್ಲ ಅನ್ನುವುದು ಯಾರ ಕಣ್ಣಿಗೂ ಬೀಳಲಿಲ್ಲ.

ಇದು ಒಬ್ಬ ಹುಡುಗನ ಕಥೆ ಅಂತ ನೀವು ಹೇಳಬಹುದು. 2016ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನವೊಂದರಲ್ಲಿ ಕ್ಯಾನ್ಸರ್ ಇದ್ದ 66 ಮಕ್ಕಳನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿನ ಆಸೆ ಮೊದಲು ಪೂರೈಸಿದರು, ಇನ್ನೊಂದು ಗುಂಪು ಕಾಯಬೇಕಿತ್ತು. ಮೊದಲ ಗುಂಪಿನ ಮಕ್ಕಳಲ್ಲಿ ಆತಂಕ, ಖಿನ್ನತೆ ಕಡಿಮೆಯಾಗಿದ್ದವು, ಮುಂದಿನ ದಿನಗಳ ಬಗ್ಗೆ ಭರವಸೆ ಹೆಚ್ಚಿತ್ತು. ಆಸೆ ಪೂರೈಸಿದರೆ ಗೆಡ್ಡೆ ಕರಗುತ್ತದೆ ಎಂದು ಯಾರೂ ಹೇಳುತ್ತಿಲ್ಲ, ನಾನೂ ಹೇಳುವುದಿಲ್ಲ. ಔಷಧಿ ತೆಗೆದುಕೊಳ್ಳುವ ಮಗುವಿಗೆ ಬಲ ಬರುತ್ತದೆ, ಅಷ್ಟೇ. ಅಷ್ಟು ಬಹಳ ದೊಡ್ಡದು.

ಹೇಗೆ ಕೇಳಬೇಕು? ಅಪ್ಪ ಅಮ್ಮ ಸ್ವಲ್ಪ ದೂರ ಇರಲಿ. ಅವರ ಮುಂದೆ ಮಕ್ಕಳು ಖರ್ಚಿನ ಯೋಚನೆ ಮಾಡಿ "ಏನೂ ಬೇಡ" ಅನ್ನುತ್ತಾರೆ. ಏಳೆಂಟು ವರ್ಷದವರಿಗೂ ಮನೆಯ ಸಾಲ ಗೊತ್ತಿರುತ್ತದೆ. ಚಿತ್ರ ಬಿಡಿಸಲು ಹೇಳಿ, "ಒಂದು ದಿನ ಪೂರ್ತಿ ನಿಂದೇ ಆದ್ರೆ ಏನು ಮಾಡ್ತೀಯ?" ಎಂದು ಕೇಳಿ. ಇನ್ನೊಂದು ಮಾತು. ಹರಕೆಯನ್ನು ಮಗುವಿನ ಆಸೆಯ ಜೊತೆ ಬೆರೆಸಬೇಡಿ. ಮಾರಿಕಾಂಬೆಗೆ ನೀವು ಹೇಳಿಕೊಂಡ ಹರಕೆ ನಿಮ್ಮದು, ಅದನ್ನು ಖಂಡಿತ ತೀರಿಸಿ. ಮಗುವಿಗೆ ಬೇಕಾದದ್ದು ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಯುದ್ಧನೌಕೆಯ ಮೇಲೆ ಹತ್ತುವುದಾಗಿರಬಹುದು, ಅಜ್ಜಿ ಮನೆಯಲ್ಲಿ ಬಂಗಡೆ ಹುರಿದು ತಿನ್ನುವುದಾಗಿರಬಹುದು. ಇವುಗಳಿಗೆ ಯಾವ ಸಂಸ್ಥೆಯೂ ಬೇಕಿಲ್ಲ. ಖಚಿತವಾಗದೆ ಮಾತು ಕೊಡಬೇಡಿ, ಅದೊಂದು ನೆನಪಿರಲಿ.

ಊರವರು ಸಹಾಯಕ್ಕೆ ಬರುತ್ತಾರೆ, ನಮ್ಮ ಕಡೆ ಅದಕ್ಕೆ ಕೊರತೆ ಇಲ್ಲ. ಆದರೆ ಬಿಳಿ ರಕ್ತಕಣ ಕುಸಿದಿರುವಾಗ ಗುಂಪು ಸೇರಿಸುವುದು ಅಪಾಯ. ಕೆಮ್ಮು, ನೆಗಡಿ ಇದ್ದವರು ದಯವಿಟ್ಟು ಬರಬೇಡಿ. ಮಗುವಿನ ಫೋಟೋ ವಾಟ್ಸಾಪಿಗೆ ಹಾಕಬೇಡಿ. ಅಣ್ಣ ತಂಗಿಯರಿಗೂ ಒಂದು ಕೆಲಸ ಕೊಡಿ. ತಿಂಗಳುಗಟ್ಟಲೆ ಪಕ್ಕದ ಮನೆಯಲ್ಲಿ ಊಟ ಮಾಡಿಕೊಂಡಿದ್ದ ಮಕ್ಕಳು ಅವರು.

ದೊಡ್ಡ ಆಸೆಯಾದರೆ, ಭಾರತದಲ್ಲಿ 1996ರಿಂದ ಕೆಲಸ ಮಾಡುತ್ತಿರುವ ಮೇಕ್-ಎ-ವಿಶ್ ಸಂಸ್ಥೆಗೆ ಅರ್ಜಿ ಹಾಕಬಹುದು. 3ರಿಂದ 18 ವರ್ಷದೊಳಗಿನ, ಜೀವಕ್ಕೆ ಅಪಾಯವಿರುವ ಕಾಯಿಲೆಯ ಮಕ್ಕಳಿಗೆ ಇದು ಸಿಗುತ್ತದೆ. ಕ್ಯಾನ್ಸರೇ ಆಗಬೇಕೆಂದಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರು ಕಾಯಿಲೆಯನ್ನು ದೃಢಪಡಿಸಬೇಕು, ಮನೆಯವರು ಹಣ ಕೊಡಬೇಕಿಲ್ಲ. ಮುಂದಿನ ಸಲ ಕೌಂಟ್ ನೋಡಿಸಲು ಹೋದಾಗ ನಿಮ್ಮ ವೈದ್ಯರನ್ನೋ ಅಲ್ಲಿನ ಸಮಾಜ ಕಾರ್ಯಕರ್ತರನ್ನೋ ವಿಚಾರಿಸಿ. ಅವರಾಗಿ ಹೇಳಲಿ ಎಂದು ಕಾಯಬೇಡಿ. ಓಪಿಡಿಯ ಗಡಿಬಿಡಿಯಲ್ಲಿ ನಮಗೂ ಮರೆತುಹೋಗುತ್ತದೆ.