ಕರಾವಳಿ ಇದ್ದರೆ ಸಾಕಾ? ಮ್ಯಾನ್ಮಾರ್, ಸಿಂಗಾಪುರ, ಇಥಿಯೋಪಿಯಾ

ಕೆಲವು ದೇಶಗಳಿಗೆ ಹೊರಜಗತ್ತಿನ ಜೊತೆ ನಂಟು ಯಾಕೆ ಜಾಸ್ತಿ ಅಂತ ಕೇಳಿದರೆ ನಾವೆಲ್ಲ ಮೊದಲು ಬರೆಯುವುದು ಕರಾವಳಿ, ಬಂದರು. ತಪ್ಪೇನಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮ್ಯಾನ್ಮಾರ್ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತೀರಿ.

ಅದಕ್ಕೆ ಉದ್ದನೆಯ ಕರಾವಳಿ ಇದೆ. ಬ್ರಿಟಿಷರ ಕಾಲದಲ್ಲಿ ರಂಗೂನ್ ದೊಡ್ಡ ಬಂದರು, ಅಕ್ಕಿ, ತೇಗ ಅಲ್ಲಿಂದ ಹೊರಡುತ್ತಿತ್ತು, ಭಾರತದಿಂದ ಲಕ್ಷಾಂತರ ಜನ ಕೂಲಿ, ವ್ಯಾಪಾರ ಅಂತ ಅಲ್ಲಿಗೆ ಹೋಗಿದ್ದರು. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದ ಮೇಲೆ ಬ್ಯಾಂಕು, ವ್ಯಾಪಾರ ಎಲ್ಲ ಸರ್ಕಾರದ ಪಾಲಾಯಿತು. 1970ರ ದಶಕದಲ್ಲಿ ಪ್ರವಾಸಿಗರಿಗೆ ಸಿಗುತ್ತಿದ್ದುದು 7 ದಿನದ ವೀಸಾ. 2000ರ ದಶಕದಲ್ಲೂ ಒಂದು ಸಿಮ್ ಕಾರ್ಡಿಗೆ ಸಾವಿರ ಡಾಲರ್‌ಗಿಂತ ಜಾಸ್ತಿ ಕೊಡಬೇಕಿತ್ತು! 2014ರಲ್ಲಿ ವಿದೇಶಿ ಮೊಬೈಲ್ ಕಂಪನಿಗಳು ಬಂದಾಗ ಅದು ಸುಮಾರು ಒಂದೂವರೆ ಡಾಲರ್‌ಗೆ ಇಳಿಯಿತು. ಸಮುದ್ರ ಅಲ್ಲೇ ಇತ್ತು, ಬದಲಾಗಿದ್ದು ಕಾನೂನು.

ಈಗ ಸಿಂಗಾಪುರ. 1965ರಲ್ಲಿ ಸ್ವತಂತ್ರವಾದಾಗ ಕುಡಿಯುವ ನೀರಿಗೂ ಮಲೇಷ್ಯಾ ಕಡೆ ನೋಡಬೇಕಿತ್ತು. ಈಗಲೂ ಅದರ ವಿಸ್ತಾರ ಬೆಂಗಳೂರು ನಗರ ಜಿಲ್ಲೆಯ ಮೂರನೇ ಒಂದು ಭಾಗದಷ್ಟೇ. ಹಡಗುಗಳು ಸಾಲುಸಾಲಾಗಿ ಓಡಾಡುವ ಮಲಾಕ್ಕಾ ಜಲಸಂಧಿಯ ಬಾಯಲ್ಲಿ ಕೂತಿದೆ ಅನ್ನುವುದು ಅದೃಷ್ಟ, ಆದರೆ 1972ರಲ್ಲೇ ತಾಂಜೊಂಗ್ ಪಗಾರ್‌ನಲ್ಲಿ ಕಂಟೇನರ್ ಟರ್ಮಿನಲ್ (ಸರಕಿನ ದೊಡ್ಡ ಪೆಟ್ಟಿಗೆಗಳನ್ನು ಹಡಗಿಗೆ ಏರಿಸಿ ಇಳಿಸುವ ಜಾಗ) ತೆರೆದದ್ದು ಅದೃಷ್ಟವಲ್ಲ.

ಇಲ್ಲಿ ನನಗೆ ತಲೆಕೆಟ್ಟಿದ್ದು ಒಂದು ಅಂಕಿಯಿಂದ. ಸಿಂಗಾಪುರದ ಆಮದು, ರಫ್ತು ಸೇರಿಸಿದರೆ ಅದರ ಜಿಡಿಪಿಯ, ಅಂದರೆ ಒಂದು ವರ್ಷದಲ್ಲಿ ದೇಶದೊಳಗೆ ಹುಟ್ಟುವ ಒಟ್ಟು ಮೌಲ್ಯದ, ಮೂರು ಪಟ್ಟಿಗೂ ಜಾಸ್ತಿ. ದೇಶ ದುಡಿದದ್ದಕ್ಕಿಂತ ವ್ಯಾಪಾರ ಹೇಗೆ ದೊಡ್ಡದಾಗುತ್ತದೆ? ಹೀಗೆ ನೋಡಿ: 100 ರೂಪಾಯಿಯ ಸರಕು ತರಿಸಿ, ಸ್ವಲ್ಪ ಕೆಲಸ ಮಾಡಿ, 110ಕ್ಕೆ ಹೊರಗೆ ಕಳಿಸಿದರೆ ವ್ಯಾಪಾರದ ಲೆಕ್ಕದಲ್ಲಿ 210 ಬೀಳುತ್ತದೆ, ಜಿಡಿಪಿಗೆ ಸೇರುವುದು ನಡುವಿನ 10 ಮಾತ್ರ. ಹಾಗಾಗಿ ಈ ಅನುಪಾತ ದೊಡ್ಡದಿದ್ದರೆ ಆ ದೇಶ ಶ್ರೀಮಂತ ಅಂತ ಸುಮ್ನೆ ಬರೆದುಬಿಡಬೇಡಿ.

ಇಥಿಯೋಪಿಯಾದ ಕಥೆ ಉಲ್ಟಾ. 1993ರಲ್ಲಿ ಎರಿಟ್ರಿಯಾ ಬೇರೆಯಾದಾಗ ಕರಾವಳಿ ಹೋಯಿತು, 1998ರಲ್ಲಿ ಅದರ ಜೊತೆಗೇ ಯುದ್ಧವಾದಾಗ ಅಲ್ಲಿನ ಅಸಾಬ್ ಬಂದರಿನ ದಾರಿಯೂ ಮುಚ್ಚಿತು, ಈಗ ಹೊರವ್ಯಾಪಾರದ 90%ಕ್ಕೂ ಹೆಚ್ಚು ಪಕ್ಕದ ಪುಟ್ಟ ದೇಶ ಜಿಬೂತಿಯ ಮೂಲಕ. ಆದರೂ ಆಫ್ರಿಕಾದ ಅತಿ ದೊಡ್ಡ ವಿಮಾನ ಸಂಸ್ಥೆ ಇವರದ್ದೇ! ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಖಂಡದ ಮೂಲೆಮೂಲೆಗೆ ಹೋಗಬಹುದು. ಆದರೆ ವಿಮಾನಕ್ಕೆ ತೂಕದ ಮಿತಿ ಇದೆ ಅಲ್ವಾ? ಇವರ ಗುಲಾಬಿ ಹಾರಿಕೊಂಡು ನೆದರ್ಲೆಂಡ್ಸ್ ಸೇರುತ್ತದೆ, ಹೊಲಕ್ಕೆ ಬೇಕಾದ ಗೊಬ್ಬರ ಮಾತ್ರ ಜಿಬೂತಿಯಲ್ಲಿ ಇಳಿದು ನೂರಾರು ಕಿಲೋಮೀಟರ್ ನೆಲದ ಮೇಲೇ ಬರಬೇಕು.