ಹೊಸ್ತಿಲಿನ ಹಿಂದೆ ನಿಂತ ಕಡಲು

ಹಿಮಯುಗ ಮುಗಿದು ಕಡಲು ಉಕ್ಕಿದಾಗ ನದಿ ಕಣಿವೆಗಳು ಮುಳುಗಿ, ಕಡಿದಾದ ಬೆಟ್ಟಗಳ ನಡುವೆ ಒಳನಾಡಿಗೆ ಚಾಚಿದ ಇಕ್ಕಟ್ಟಾದ ಕಡಲ ತೋಳುಗಳು, ಅಂದರೆ ಫಿಯೋರ್ಡ್‌ಗಳಾದವು ಎಂಬ ವಿವರಣೆ ಶಾಲಾಪಾಠಗಳಿಂದ ಪ್ರವಾಸ ಲೇಖನಗಳವರೆಗೆ ಎಲ್ಲೆಡೆ ಹಬ್ಬಿದೆ. ನಾರ್ವೆಯ ಸೋಗ್ನೆ ಫಿಯೋರ್ಡ್‌ನ ಅಳತೆಗಳ ಮುಂದೆ ಈ ಮಾತು ನಿಲ್ಲುವುದಿಲ್ಲ. ಒಳನಾಡಿಗೆ 200 ಕಿಲೋಮೀಟರ್‌ಗೂ ಹೆಚ್ಚು ಚಾಚಿಕೊಂಡಿರುವ ಅದರ ಗರಿಷ್ಠ ಆಳ ಸುಮಾರು 1,300 ಮೀಟರ್. ಹಿಮಯುಗದ ತುತ್ತತುದಿಯಲ್ಲಿಯೂ ಜಗತ್ತಿನ ಕಡಲ ಮಟ್ಟ ಇಂದಿಗಿಂತ ಕೆಳಗಿದ್ದುದು ಸುಮಾರು 120 ಮೀಟರ್ ಮಾತ್ರ. ತಾನು ಸೇರುವ ಕಡಲಿನ ಮಟ್ಟಕ್ಕಿಂತ ಬಹಳ ಕೆಳಕ್ಕೆ ಕೊರೆಯುವ ಶಕ್ತಿ ಯಾವ ನದಿಗೂ ಇಲ್ಲ. ಅದಕ್ಕಿಂತ ಸೋಜಿಗವೆಂದರೆ, ಹೊರಗಡಲನ್ನು ಕೂಡುವ ಜಾಗದಲ್ಲಿ ಇದೇ ಫಿಯೋರ್ಡ್‌ನ ಆಳ ಸುಮಾರು 165 ಮೀಟರ್‌ಗೆ ಇಳಿದುಬಿಡುತ್ತದೆ. ನೀರಿನಡಿಯ ಈ ಬಂಡೆಯ ಹೊಸ್ತಿಲೇ ಫಿಯೋರ್ಡ್‌ನ ನಿಜವಾದ ಗುರುತು.

ಇದನ್ನು ಕಡೆದದ್ದು ಹಿಮನದಿ. ಹಿಮ ಯಾವ ಕಡೆಗೆ ಸಾಗಬೇಕೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಮೇಲ್ಮೈಯ ಇಳಿಜಾರೇ ಹೊರತು ತಳದ ಇಳಿಜಾರಲ್ಲ. ಕಾವಲಿಯ ಮೇಲೆ ಸುರಿದ ಗಟ್ಟಿ ಹಿಟ್ಟು, ನಡುವಿನ ಗುಪ್ಪೆ ಎತ್ತರವಾಗಿರುವವರೆಗೂ ಸಣ್ಣಪುಟ್ಟ ಉಬ್ಬುಗಳನ್ನು ಹತ್ತಿ ದಾಟುತ್ತಾ ಹರಡುವಂತೆ, ಒಳನಾಡಿನಲ್ಲಿ ದಪ್ಪವಾಗಿ ಪೇರಿಕೊಂಡ ಹಿಮವು ಕಡಲಿನತ್ತ ಸಾಗುವಾಗ ತಳದಲ್ಲಿ ಏರನ್ನೂ ಏರಬಲ್ಲದು. ಪಕ್ಕದ ಕಣಿವೆಗಳ ಹಿಮನದಿಗಳೆಲ್ಲ ಬಂದು ಕೂಡಿ ಇಕ್ಕಟ್ಟಾದ ಮುಖ್ಯ ಕಣಿವೆಯಲ್ಲಿ ನುಗ್ಗುವಾಗ ವೇಗವೂ ಭಾರವೂ ಹೆಚ್ಚುತ್ತವೆ; ತಳದಲ್ಲಿ ಹುದುಗಿದ ಕಲ್ಲುಗಳು ಬಂಡೆಯನ್ನು ಉಜ್ಜುತ್ತವೆ, ಬಿರುಕಿಗಿಳಿದ ಕರಗುನೀರು ಬಂಡೆಯ ತುಂಡುಗಳನ್ನು ಸಡಿಲಿಸುತ್ತದೆ, ಹಿಮ ಅವುಗಳನ್ನು ಕಿತ್ತು ಒಯ್ಯುತ್ತದೆ. ಕರಾವಳಿಯ ಬಳಿ ಬೆಟ್ಟಗಳು ತಗ್ಗಾಗುವುದರಿಂದ ಹಿಮ ಅಕ್ಕಪಕ್ಕಕ್ಕೆ ಹರಡಿ ತೆಳುವಾಗುತ್ತದೆ. ಅಲ್ಲದೆ, ಹಿಮದ ಸಾಂದ್ರತೆ ನೀರಿನ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿರುವುದರಿಂದ, ತನ್ನ ದಪ್ಪದ ಸುಮಾರು ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಆಳದ ನೀರು ಸಿಕ್ಕೊಡನೆ ಅದು ತೇಲತೊಡಗಿ ಬಂಡೆಯ ಮೇಲಿನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಕೊರೆತ ಅಲ್ಲಿಗೆ ನಿಲ್ಲುತ್ತದೆ, ಹೊಸ್ತಿಲು ಉಳಿಯುತ್ತದೆ. ಕೆಲವೆಡೆ ಹಿಮನದಿ ತಂದು ಸುರಿದ ಕಲ್ಲುಮಣ್ಣಿನ ದಿಬ್ಬ ಅದನ್ನು ಇನ್ನಷ್ಟು ಎತ್ತರಿಸಿದೆ.

ಒಳಗಿನ ನೀರಿನ ಗುಣವನ್ನು ಬಹುಮಟ್ಟಿಗೆ ಈ ಹೊಸ್ತಿಲೇ ತೀರ್ಮಾನಿಸುತ್ತದೆ. ನದಿಗಳೂ ಕರಗಿದ ಹಿಮವೂ ತರುವ ಸಿಹಿನೀರು ಹಗುರವಾದ್ದರಿಂದ ಮೇಲೆ ತೆಳು ಪದರವಾಗಿ ಹರಡಿ ಕಡಲಿನತ್ತ ಸಾಗುತ್ತದೆ. ಅದು ತನ್ನೊಂದಿಗೆ ಎಳೆದೊಯ್ಯುವ ಉಪ್ಪುನೀರನ್ನು ತುಂಬಿಕೊಡಲು ಕೆಳಗಿನಿಂದ ಕಡಲನೀರು ಒಳಬರುತ್ತದೆ. ಇಂತಹ ಪದರಗಳ ಮೇಲೆ ಹೋಗುವ ಹಡಗು ಕೆಲವೊಮ್ಮೆ ಯಾರೋ ಹಿಂದಕ್ಕೆ ಜಗ್ಗಿದಂತೆ ನಿಧಾನವಾಗುವುದನ್ನು ನಾರ್ವೆಯ ನಾವಿಕರು ಬಹುಕಾಲದಿಂದ ಬಲ್ಲರು. 1893ರಲ್ಲಿ ನಾರ್ವೆಯ ಧ್ರುವ ಅನ್ವೇಷಕ ಫ್ರಿಡ್ಟ್‌ಯೋಫ್ ನಾನ್ಸೆನ್ ಅವರ ಫ್ರಾಮ್ ಹಡಗಿಗೂ ಸೈಬೀರಿಯಾದ ಉತ್ತರ ಕರಾವಳಿಯಲ್ಲಿ ಇದೇ ಅನುಭವವಾಯಿತು. ಎಂಜಿನ್ನಿನ ಶಕ್ತಿಯ ಬಹುಪಾಲು ಎರಡು ಪದರಗಳ ನಡುವೆ ಕಣ್ಣಿಗೆ ಕಾಣದ ಅಲೆಗಳನ್ನೆಬ್ಬಿಸುವುದಕ್ಕೇ ಖರ್ಚಾಗುತ್ತದೆಂದು ಸ್ವೀಡನ್ನಿನ ಸಮುದ್ರವಿಜ್ಞಾನಿ ವಾಗ್ನ್ ವಾಲ್ಫ್ರಿಡ್ ಎಕ್ಮನ್ ತೊಟ್ಟಿಯಲ್ಲಿ ಮಾದರಿ ದೋಣಿಗಳನ್ನು ಎಳೆಸಿ ತೋರಿಸಿ, 1904ರಲ್ಲಿ ಪ್ರಕಟಿಸಿದರು. ದೆವ್ವಭೂತಗಳ ಮೇಲೆ ಹೊರಿಸಬಹುದಾಗಿದ್ದ ಒಂದು ವಿದ್ಯಮಾನಕ್ಕೆ ಇಷ್ಟು ಸ್ವಚ್ಛವಾದ ಉತ್ತರ ದೊರೆತದ್ದು ನನಗೆ ಇಂದಿಗೂ ಹಿಗ್ಗು ತರುತ್ತದೆ.

ಹೊಸ್ತಿಲಿಗಿಂತ ಕೆಳಗಿರುವ ನೀರಿನ ಪಾಡು ಬೇರೆ. ಹೊರಗಿನ ನೀರು ಅದಕ್ಕಿಂತ ಭಾರವಾಗಿ ಹೊಸ್ತಿಲು ದಾಟಿ ಕೆಳಗಿಳಿದರೆ ಮಾತ್ರ ಅದು ಬದಲಾಗುತ್ತದೆ; ಅಲ್ಲಿಯವರೆಗೆ ಮೇಲಿನಿಂದ ಬೀಳುವ ಜೀವಾವಶೇಷಗಳ ಕೊಳೆತಕ್ಕೆ ಆಮ್ಲಜನಕ ಕಡಿಮೆಯಾಗುತ್ತಲೇ ಹೋಗುತ್ತದೆ. ದಕ್ಷಿಣ ನಾರ್ವೆಯ ಫ್ರಾಮ್‌ವಾರೆನ್ ಎಂಬ ಫಿಯೋರ್ಡ್‌ನ ಆಳ ಸುಮಾರು 180 ಮೀಟರ್, ಹೊಸ್ತಿಲಿನ ಮೇಲಿನ ನೀರು ಎರಡು ಮೀಟರಿನಷ್ಟು. ಅಲ್ಲಿ ಸುಮಾರು 20 ಮೀಟರ್‌ಗಿಂತ ಕೆಳಗೆ ಆಮ್ಲಜನಕವೇ ಇಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ತುಂಬಿಕೊಂಡಿದೆ. ನಾರ್ವೆಯ ಅನೇಕ ಫಿಯೋರ್ಡ್‌ಗಳಲ್ಲಿ ಇಂದು ಸಾಲ್ಮನ್ ಸಾಕಣೆಯಿದೆ. ಮೀನು ತಿಂದುಳಿದ ಆಹಾರವೂ ಮಲವೂ ತಳಕ್ಕಿಳಿದು ಅದೇ ಆಮ್ಲಜನಕವನ್ನು ಬೇಡುತ್ತವೆ. ಆದ್ದರಿಂದ ಮೇಲಿನ ನೀರು ಎಷ್ಟೇ ತಿಳಿಯಾಗಿ ಕಂಡರೂ, ಹೊಸ್ತಿಲಿನ ಆಳವನ್ನೂ ತಳದ ನೀರು ಎಷ್ಟು ಕಾಲಕ್ಕೊಮ್ಮೆ ಬದಲಾಗುತ್ತದೆಂಬುದನ್ನೂ ಅಳೆಯದೆ ಅಂತಹ ಕಡೆ ಬಲೆಯ ಪಂಜರಗಳನ್ನು ಇಳಿಸಬಾರದು.